ಶುಶ್ರೂಷೆ

ಸಂಸ್ಕೃತ ವ್ಯಾಕರಣವನ್ನು ಸ್ವಲ್ಪವಾದರೂ ಬಲ್ಲವರಿಗೆ ‘ಶುಶ್ರೂಷೆ’ ಎಂಬುದು ಸನ್ನಂತದಿಂದ ಹುಟ್ಟಿದ ಶಬ್ದವೆಂಬುದು ತಿಳಿದೇ ಇರುತ್ತದೆ. ಕುಡಿಯಬೇಕೆಂಬ ಇಚ್ಛೆ ಪಿಪಾಸೆ. ತಿಳಿಯಬೇಕೆಂಬ ಇಚ್ಛೆ ಜಿಜ್ಞಾಸೆ. ಅದರಂತೆಯೇ ಕೇಳಬೇಕೆಂಬ ಇಚ್ಛೆ ಶುಶ್ರೂಷೆ. ಗುರುವಿನ ವಾಕ್ಯವನ್ನು ಕೇಳಲಪೇಕ್ಷಿಸಿ ಬಳಿಯಲ್ಲಿದ್ದ ಶಿಷ್ಯನು ನೀರು ತರುವುದು, ಸಮಿತ್ತು ತರುವುದು, ಕಾಲೊತ್ತುವುದು ಮೊದಲಾದ ಕೆಲಸಗಳನ್ನೂ ಮಾಡುತ್ತಿದ್ದುದರಿಂದ ಕಾಲಕ್ರಮದಲ್ಲಿ ಆ ಸೇವೆಗೇ ಈ ಹೆಸರು ನಿಂತಿತು. ಕನ್ನಡದಲ್ಲಿಯಂತೂ ರೋಗಿಯ ಉಪಚಾರವೆಂಬ ಅರ್ಥವೊಂದೇ ಉಳಿದು, ಮೂಲದಲ್ಲಿದ್ದ ‘ಕೇಳುವ’ ಅರ್ಥವು ಬಹುಮಟ್ಟಿಗೆ ಮರೆಯಾಗಿದೆ. ಶಬ್ದವು ಮರೆತುದನ್ನು ಮನೆಗಳೂ ಮರೆತಿವೆ. ತಂದೆಗೆ ದೊಡ್ಡ ಕಾಯಿಲೆಯಾದರೆ ಮಕ್ಕಳು ಹಣ ಸುರಿಯುತ್ತಾರೆ, ನಿದ್ದೆಗೆಡುತ್ತಾರೆ, ಹರಕೆ ಹೊರುತ್ತಾರೆ. ಆತನು ಹೇಳಬೇಕೆಂದಿರುವುದೇನೆಂಬುದನ್ನು ಮಾತ್ರ ಕೇಳುವುದಿಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳು. ಪರಿಚಾರಕನಿಗೆ ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಅನುರಾಗ, ಶೌಚ ಇವು ಬೇಕು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ರೋಗಿಯನ್ನೂ ಒಂದು ಪಾದವೆಂದೆಣಿಸಿ ಅವನಿಂದಲೂ ನಾಲ್ಕು ಗುಣಗಳನ್ನು ಅಪೇಕ್ಷಿಸಿರುವುದು ಗಮನಿಸತಕ್ಕ ವಿಷಯ. ನೆನಪು, ವೈದ್ಯನು ಹೇಳಿದಂತೆ ನಡೆಯುವುದು, ನಿರ್ಭಯತೆ, ಕಡೆಯದಾಗಿ ಜ್ಞಾಪಕತ್ವ. ಎಂದರೆ ತನ್ನ ರೋಗದ ಸ್ಥಿತಿಯನ್ನು ತಾನೇ ತಿಳಿಸಬಲ್ಲ ಶಕ್ತಿ. ರೋಗವು ಯಾವುದೆಂಬುದನ್ನೇ ರೋಗಿಯಿಂದ ಮುಚ್ಚಿಟ್ಟರೆ ಈ ಗುಣವು ಎಲ್ಲಿಂದ ಬರಬೇಕು? ನಿರ್ಭಯತೆಯೂ ಬರಲಾರದು. ಹೆಸರಿಲ್ಲದ ಭಯಕ್ಕೆ ಎದುರಾಗಿ ಯಾರು ತಾನೇ ಧೈರ್ಯ ತಂದುಕೊಂಡಾರು?

ಮುಚ್ಚಿಡುವ ಈ ಪದ್ಧತಿಯು ಎಲ್ಲ ರೋಗಗಳಿಗೂ ಇಲ್ಲ. ಸಕ್ಕರೆ ಕಾಯಿಲೆಯನ್ನು ಮದುವೆಯ ಪಂಕ್ತಿಯಲ್ಲಿ ಕುಳಿತು ಗಟ್ಟಿಯಾಗಿ ಹೇಳಿಕೊಳ್ಳುವುದುಂಟು. ಕ್ಯಾನ್ಸರೆಂಬ ಶಬ್ದವನ್ನು ಮಾತ್ರ ಬಾಗಿಲ ಸಂದಿಯಲ್ಲಿ ನಿಂತು ಉಚ್ಚರಿಸುತ್ತಾರೆ. ಶಬ್ದವಾದರೋ ಬಹಳ ಹಳೆಯದು. ಗ್ರೀಕ್ ವೈದ್ಯರು ಇದನ್ನು ಏಡಿಯೆಂದು ಕರೆದರು, ಲ್ಯಾಟಿನ್ನಿನಲ್ಲಿಯೂ ಏಡಿಯೇ, ಜ್ಯೋತಿಷ್ಯದ ಕರ್ಕಟಕವೂ ಆ ಪ್ರಾಣಿಯೇ. ಕನ್ನಡದಲ್ಲಿ ‘ಏಡಿಗಂತಿ’ ಎಂದವರೂ ಉಂಟು. ಸುಶ್ರುತನು ನಿದಾನಸ್ಥಾನದಲ್ಲಿ ಮಾಂಸದೊಳಗೆ ನಿಧಾನವಾಗಿ ಬೆಳೆದು ಪಕ್ವವಾಗಿ ಒಡೆಯದಿರುವ ಗಂಟಿಗೆ ‘ಅರ್ಬುದ’ವೆಂದು ಹೆಸರಿಟ್ಟಿದ್ದಾನೆ. 1895ರಲ್ಲಿ ರೋಂಟ್‌ಗೆನ್ ಎಕ್ಸ್ ಕಿರಣಗಳನ್ನು ಕಂಡದ್ದೂ, 1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನು ಕಂಡದ್ದೂ, 1941ರಲ್ಲಿ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯೂ 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯೂ ಏರ್ಪಟ್ಟದ್ದೂ ಎಲ್ಲ ಆಗಿ, ಎಷ್ಟೋ ಮಂದಿ ಗುಣಹೊಂದಿ ಮನೆಗೆ ಬಂದರೂ, ಮನೆಗಳಲ್ಲಿ ಆ ಹೆಸರಿನ ಪಿಸುಮಾತು ಮಾತ್ರ ನಿಂತಿಲ್ಲ.

ಬಾಯಿಯ ಕ್ಯಾನ್ಸರು ಈ ದೇಶದಲ್ಲಿ ಹೆಚ್ಚು. ಅದಕ್ಕೆ ಕಾರಣವು ದೂರದ್ದೇನಲ್ಲ, ವೀಳ್ಯದ ತಟ್ಟೆಯಲ್ಲಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ, ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಕ್ಯಾನ್ಸರ್ ಸಂಶೋಧನಾ ಮಂಡಲಿಯು ಹೊಗೆಸೊಪ್ಪು ಸೇರಿದ ತಾಂಬೂಲವು ಕ್ಯಾನ್ಸರಿಗೆ ಕಾರಣವೆಂದು 1985ರಲ್ಲಿಯೇ ನಿರ್ಣಯಿಸಿತು. 2004ರಲ್ಲಿ ಪ್ರಕಟವಾದ ಅದರ ಮತ್ತೊಂದು ಗ್ರಂಥವು ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಬರಿಯ ಅಡಕೆಯನ್ನೂ ಅದೇ ಗುಂಪಿಗೆ ಸೇರಿಸಿತು. ಮಲೆನಾಡಿನ ಮನೆಗಳಿಗೆ ಈ ಮಾತು ಸುಲಭವಾಗಿ ನುಂಗುವಂಥದಲ್ಲ. ಅಲ್ಲಿ ಮಕ್ಕಳ ಶಾಲೆಯ ಫೀಸೂ, ಹೆಣ್ಣುಮಕ್ಕಳ ಮದುವೆಯೂ, ಮಳೆಗಾಲದ ಅಕ್ಕಿಯೂ ಅಡಕೆಯ ಮರದ ತುದಿಯಿಂದಲೇ ಇಳಿದು ಬಂದವು.

ತೀರ್ಥಹಳ್ಳಿ ತಾಲ್ಲೂಕಿನ ಅಂಥ ಒಂದು ಮನೆಯಲ್ಲಿ ನಡೆದ ಸಂಗತಿಯಿದು. ಯಜಮಾನರಿಗೆ ಆಗ ಅರವತ್ತಾರು ವರುಷ. ಎರಡೆಕರೆ ತೋಟ, ಸ್ವಲ್ಪ ಗದ್ದೆ. ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದನು. ಮಗಳು ಶಿವಮೊಗ್ಗದಲ್ಲಿ ಪ್ರೌಢಶಾಲೆಯ ಉಪಾಧ್ಯಾಯಿನಿ. ಯಜಮಾನರ ಹೆಸರು ಸುತ್ತಣ ಹತ್ತಾರು ಹಳ್ಳಿಗಳಲ್ಲಿ ಪರಿಚಿತವಾಗಿದ್ದುದು ತೋಟದಿಂದಲ್ಲ, ತಾಳಮದ್ದಳೆಯಿಂದ. ಭೀಷ್ಮನ ಅರ್ಥ ಹೇಳಿದರೆ ಅವರೇ ಹೇಳಬೇಕೆಂದು ಜನರು ಅನ್ನುತ್ತಿದ್ದರು. ರಾತ್ರಿಯೆಲ್ಲ ಮಾತನಾಡುವ ಮನುಷ್ಯನ ಮಗ್ಗುಲಲ್ಲಿ ಎಲೆಯಡಕೆಯ ತಟ್ಟೆ ಇರಲೇಬೇಕು. ಪದ್ಯಕ್ಕೂ ಪದ್ಯಕ್ಕೂ ನಡುವೆ ಒಂದು ಕವಳ. ನಲವತ್ತು ವರುಷ ಹೀಗೆಯೇ ನಡೆಯಿತು.

2022ರ ಜೂನಿನಲ್ಲಿ, ಮಳೆ ಹಿಡಿಯುವ ಮೊದಲು ಅಡಕೆಯ ಗೊನೆಗಳಿಗೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ, ಅವರ ಎಡಗೆನ್ನೆಯ ಒಳಗಡೆ ಒಂದು ಹುಣ್ಣು ಕಾಣಿಸಿತು. ನೋವಿಲ್ಲ. ಅದಕ್ಕೂ ಮೊದಲೇ ವರುಷವೆರಡು ವರುಷದಿಂದ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ಕೆನ್ನೆಯ ಒಳಗೆ ಬಿಳಿಯ ಮಚ್ಚೆಯಿತ್ತು. ನೋವಿಲ್ಲದ ಹುಣ್ಣನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಆದರೆ ನೋವಿಲ್ಲದೆ ಎರಡು ಮೂರು ವಾರ ಕಳೆದರೂ ಮಾಯದಿರುವ ಹುಣ್ಣೇ ಹೆಚ್ಚು ಅನುಮಾನಕ್ಕೆ ಯೋಗ್ಯವಾದುದು. ರಜೆಗೆ ಬಂದ ಮಗಳು ಹಟ ಹಿಡಿದು ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು. ವೈದ್ಯರು ಹುಣ್ಣಿನ ಅಂಚಿನಿಂದ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ವರದಿ ಬಂದಾಗ ಯಜಮಾನರು ತೋಟದಲ್ಲಿದ್ದರು. ವರದಿಯನ್ನು ಓದಿದವರು ಮನೆಯಲ್ಲಿದ್ದ ಉಳಿದವರು.

ಕೂಡಲೆ ಮನೆಯಲ್ಲಿ ಒಂದು ಗುಟ್ಟಿನ ಸಭೆಯಾಯಿತು. ಯಜಮಾನರ ಅಣ್ಣನವರು, ವಯೋವೃದ್ಧರು, “ಅವನಿಗೆ ಹೇಳಿದರೆ ಎದೆಯೊಡೆದುಕೊಂಡಾನು. ಹುಣ್ಣು, ಸಣ್ಣದೊಂದು ಆಪರೇಷನ್ ಎಂದಷ್ಟೇ ಹೇಳಿ” ಎಂದು ವಿಧಿಸಿದರು. ಮಗನೂ ಒಪ್ಪಿದನು. ಅವನನ್ನು ದೂರುವುದಕ್ಕಿಲ್ಲ, ಬೆಂಗಳೂರಿನಲ್ಲಿ ಆಸ್ಪತ್ರೆಯನ್ನು ಗೊತ್ತು ಮಾಡಿದವನೂ, ಹಣ ಹೊಂದಿಸಿದವನೂ, ತಂದೆತಾಯಿಗಳಿಗಾಗಿ ಆಸ್ಪತ್ರೆಯ ಹತ್ತಿರವೇ ಬಾಡಿಗೆಗೆ ಎರಡು ಕೋಣೆ ಹಿಡಿದವನೂ ಅವನೇ. ವೈದ್ಯರೊಡನೆ ಮಾತನಾಡುವಾಗ ಅವನು ಬಾಗಿಲ ಹೊರಗೆ ನಿಂತು ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದನು. ಒಳಗೆ ಕುಳಿತ ತಂದೆಯ ಕಣ್ಣು ಆ ಬಾಗಿಲ ಮೇಲೆಯೇ ನಟ್ಟಿರುತ್ತಿದ್ದಿತು. ಪ್ರೀತಿಯಿಂದಲೇ ಮಾಡಿದ ಕೆಲಸವೂ ಕೆಲವು ವೇಳೆ ಮನುಷ್ಯನನ್ನು ತನ್ನ ಮನೆಯಲ್ಲಿಯೇ ಅತಿಥಿಯನ್ನಾಗಿ ಮಾಡಿಬಿಡುತ್ತದೆ.

ಗುಟ್ಟು ನಿಂತದ್ದು ಹದಿನೈದು ದಿವಸ. ಆಪರೇಷನ್ನಿಗೆ ಮೊದಲು ರೋಗಿಯು ಒಪ್ಪಿಗೆಯ ಪತ್ರಕ್ಕೆ ಸಹಿ ಮಾಡಬೇಕು. ಯಜಮಾನರೋ, ಸೊಸೈಟಿಯ ಪಾವತಿಯನ್ನು ಕೂಡ ಎರಡು ಸಲ ಓದದೆ ರುಜು ಹಾಕಿದವರಲ್ಲ. ಹಾಳೆಯನ್ನು ಬೆರಳಿನಿಂದ ಮುಚ್ಚಿ ಹಿಡಿದು ಸಹಿ ಹಾಕಿಸಿಕೊಳ್ಳುವುದೇನು ಎಂದು ಮಗಳು ಅಣ್ಣನನ್ನೂ ದೊಡ್ಡಪ್ಪನನ್ನೂ ಕೇಳಿದಳು. ಉತ್ತರ ಬರಲಿಲ್ಲ. ಆ ಸಾಯಂಕಾಲ ಬಾಡಿಗೆಯ ಕೋಣೆಯಲ್ಲಿ ತಂದೆಯ ಹತ್ತಿರ ಕುಳಿತು, ವರದಿಯನ್ನು ಅವರ ಕೈಗೇ ಕೊಟ್ಟು, ಕನ್ನಡದಲ್ಲಿ ಸಾಲುಸಾಲಾಗಿ ಅರ್ಥ ಹೇಳಿದಳು. ಹೆಸರನ್ನೂ ಹೇಳಿದಳು.

ಅವರ ಎದೆಯೊಡೆಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾತು ಹೋಗುತ್ತದೆಯೇನೆ, ಕೂಸೆ?” ಎಂದು ಕೇಳಿದರು. ಪ್ರಾಣ ಹೋಗುತ್ತದೆಯೇ ಎಂದು ಕೇಳುವರೆಂದು ಅವಳು ಅದಕ್ಕೆ ಉತ್ತರವನ್ನು ಸಿದ್ಧಮಾಡಿಕೊಂಡಿದ್ದಳು. ಇದಕ್ಕೆ ಉತ್ತರವಿರಲಿಲ್ಲ. ಗೊತ್ತಿಲ್ಲ, ನಾಳೆ ನೀವೇ ಕೇಳಿ ಎಂದಳು. ಹದಿನೈದು ದಿವಸಗಳಿಂದ ಅಷ್ಟು ಮಂದಿ ಅವರ ವಿಷಯವಾಗಿ ಅಷ್ಟೆಲ್ಲ ವಿಚಾರ ಮಾಡಿದ್ದರೂ ಈ ಒಂದು ಪ್ರಶ್ನೆ ಯಾರ ತಲೆಗೂ ಹೊಳೆದಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಮರುದಿನ ಶಸ್ತ್ರವೈದ್ಯರು ಚಿತ್ರ ಬರೆದು ತೋರಿಸಿದರು. ಕೆನ್ನೆಯ ಒಳಭಾಗವನ್ನೂ ಕೆಳದವಡೆಯ ಒಂದು ತುಂಡನ್ನೂ ತೆಗೆಯಬೇಕು, ಕತ್ತಿನ ಗ್ರಂಥಿಗಳನ್ನೂ ತೆಗೆಯಬೇಕು, ನಾಲಿಗೆ ಉಳಿಯುತ್ತದೆ, ಮಾತು ಬರುತ್ತದೆ, ಆದರೆ ಧ್ವನಿ ಮೊದಲಿನಂತಿರದು. ಗಂಟು ಕೆನ್ನೆಯಲ್ಲಿದ್ದರೆ ಕತ್ತನ್ನೇಕೆ ಕೊಯ್ಯಬೇಕು ಎಂದು ಅವರು ಕೇಳಿದರು. ರೋಗವು ಮೊದಲು ಹರಡುವುದು ಆ ಗ್ರಂಥಿಗಳಿಗೇ ಎಂದು ವೈದ್ಯರು ಹೇಳುತ್ತಲೇ ಅವರು ತಲೆಯಾಡಿಸಿದರು. ಕೊಳೆರೋಗವನ್ನು ಕಂಡ ತೋಟಗಾರನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಮೈಸೂರು ಸಂಸ್ಥಾನದಲ್ಲಿದ್ದ ಕೋಲ್ಮನ್ ಎಂಬ ಕೆನಡಾ ದೇಶದ ವಿಜ್ಞಾನಿಯು 1910ರಲ್ಲಿ ಆ ರೋಗದ ಮೇಲೆ ಗ್ರಂಥ ಬರೆದು, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಹೊಡೆಯುವುದನ್ನು ಪ್ರಚಾರಕ್ಕೆ ತಂದನು. ಹಣ್ಣಾಗಿ ಕಂಡ ಕಾಯನ್ನಷ್ಟೇ ಕಿತ್ತರೆ ಸಾಲದು, ಗೊನೆಯನ್ನೇ ಇಳಿಸಬೇಕೆಂಬುದನ್ನು ಮಲೆನಾಡಿನ ಹುಡುಗರೂ ಬಲ್ಲರು. ಯಜಮಾನರು ಕನ್ನಡಕ ಹಾಕಿಕೊಂಡು ಪತ್ರವನ್ನು ಎರಡು ಸಲ ಓದಿ ಸಹಿ ಮಾಡಿದರು.

ಆಗಸ್ಟ್ ಮೊದಲ ವಾರ ಆಪರೇಷನ್ ಆಯಿತು. ಬೆಳಗ್ಗೆ ಒಳಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಹೊರಗೆ ಬಂದರು. ಎದೆಯ ಮಾಂಸವನ್ನು ಚರ್ಮದೊಡನೆ ಎತ್ತಿ ಕತ್ತಿನ ಒಳಗಿನಿಂದ ತಂದು ಕೆನ್ನೆಗೆ ಹೊಲಿದಿದ್ದರು. ಉಸಿರಿಗೆ ಕತ್ತಿನಲ್ಲೊಂದು ರಂಧ್ರ, ಆಹಾರಕ್ಕೆ ಮೂಗಿನಲ್ಲೊಂದು ನಳಿಗೆ. ಮಾತು ಇಲ್ಲ. ಇದನ್ನು ಮೊದಲೇ ತಿಳಿದಿದ್ದ ಮಗಳು ಶಾಲೆಯ ಮಕ್ಕಳ ಸ್ಲೇಟೊಂದನ್ನು ತಂದಿದ್ದಳು. ಅವರು ಎಚ್ಚರವಾಗಿ ಕೈ ನೀಡಿ ಅದರ ಮೇಲೆ ಮೊಟ್ಟಮೊದಲು ಬರೆದದ್ದು, ‘ಎರಡನೆಯ ಔಷಧಿ ಹೊಡೆದರೆ?’ ಎಂದು. ನಲವತ್ತು ದಿನ ಕಳೆದಿತ್ತು, ಮಳೆ ಬಿಟ್ಟಿರಲಿಲ್ಲ. ತೋಟಕ್ಕೆ ಎರಡನೆಯ ಸಲ ಹೊಡೆಸಬೇಕಾದ ಕಾಲವದು. ಯಾರಿಗೂ ನೆನಪಿರಲಿಲ್ಲ. ಮಗನು ಅಲ್ಲಿಂದಲೇ ಊರಿಗೆ ಫೋನು ಮಾಡಿದನು. ತಂದೆಯು ಇನ್ನೂ ಮನೆಯ ಯಜಮಾನನೆಂಬುದನ್ನು ಅವನು ಆ ದಿನ ಕಂಡುಕೊಂಡನೆಂದು ತೋರುತ್ತದೆ. ಅನಂತರ ವೈದ್ಯರೊಡನೆ ಮಾತೆಲ್ಲ ಬಾಗಿಲ ಒಳಗೇ ಆಯಿತು.

ನಳಿಗೆಯಲ್ಲಿ ಆಹಾರ ಕೊಡುವುದೂ ಒಂದು ವಿದ್ಯೆ. ಎರಡು ಮೂರು ಗಂಟೆಗೊಮ್ಮೆ ಒಂದು ಲೋಟದಷ್ಟು, ತಲೆಯನ್ನು ಎತ್ತರಿಸಿ, ನಿಧಾನವಾಗಿ. ಗಂಜಿಯ ತಿಳಿ, ಹಾಲು, ಬೇಳೆಯ ಕಟ್ಟು, ಬಟ್ಟೆಯಲ್ಲಿ ಸೋಸಿದ ರಾಗಿಯ ಅಂಬಲಿ. ಅಂಬಲಿ ಕೊಂಚ ದಪ್ಪವಾದರೂ ನಳಿಗೆ ಕಟ್ಟಿಕೊಳ್ಳುತ್ತದೆ. ಪ್ರತಿಸಲವೂ ಬಿಸಿ ಆರಿದ ನೀರನ್ನು ಬಿಟ್ಟು ತೊಳೆಯಬೇಕು. ಇದೆಲ್ಲವನ್ನೂ ಮಾಡಿದವರು ಅವರ ಪತ್ನಿ. ಕೈ ಒಂದು ದಿನವೂ ನಡುಗಲಿಲ್ಲ, ಆದರೆ ಬಾಯಲ್ಲಿ ಮಾತೇ ಇಲ್ಲ. ಒಂದು ರಾತ್ರಿ ಮಗಳೊಡನೆ, ದಿನವೂ ಎಲೆಗೆ ಸುಣ್ಣ ಹಚ್ಚಿ ಮಡಿಸಿ ಕೊಟ್ಟವಳು ನಾನೇ ಅಲ್ಲವೇ ಎಂದು ಅತ್ತರು. ಅದು ತಂದೆಯ ಕಿವಿಗೆ ಬಿದ್ದಿತು. ಕತ್ತಲಲ್ಲಿಯೇ ಸ್ಲೇಟಿನ ಮೇಲೆ ಬಳಪ ಓಡುವ ಸದ್ದಾಯಿತು. ದೀಪ ಹಾಕಿ ನೋಡಿದರೆ, ‘ಹೊಗೆಸೊಪ್ಪು ನನ್ನ ಡಬ್ಬಿಯದು’ ಎಂದು ಬರೆದಿತ್ತು. ಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಆ ವಾಕ್ಯವು ಪೂರ್ಣ ಸತ್ಯವಲ್ಲ; ಅಡಕೆಯ ವಿಷಯವಾಗಿ 2004ರಲ್ಲಿ ಹೇಳಿದುದನ್ನು ಮೇಲೆಯೇ ಬರೆದಿದೆ, ಅವರೂ ಅದನ್ನು ಬಲ್ಲವರೇ. ಆದರೆ ತಿಳಿದ ಮೇಲೆ ಎಷ್ಟನ್ನು ಯಾರಿಗೆ ಹೇಳಬೇಕೆಂಬ ಅಧಿಕಾರವು ರೋಗಿಗೆ ಸೇರಿದುದು. ಅದನ್ನು ಅವರು ಹೆಂಡತಿಯ ಪರವಾಗಿ ಉಪಯೋಗಿಸಿದರು.

ಸೆಪ್ಟೆಂಬರಿನಲ್ಲಿ ಕಿರಣಚಿಕಿತ್ಸೆ ಆರಂಭವಾಯಿತು. ವಾರಕ್ಕೆ ಐದು ದಿನ, ಆರು ವಾರ, ಒಟ್ಟು ಮೂವತ್ತು ಸಲ. ಮುಖವು ಅಲುಗಾಡದಿರಲೆಂದು ಬಿಸಿನೀರಿನಲ್ಲಿ ಮೆತ್ತಗಾದ ಜಾಲರಿಯಂಥ ಹಾಳೆಯೊಂದನ್ನು ಮುಖದ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ. ದಿನವೂ ಅದನ್ನು ತೊಡಿಸಿ ಮೇಜಿಗೆ ಬಿಗಿಯುತ್ತಾರೆ. ಆ ಹೊತ್ತಿಗೆ ಕತ್ತಿನ ರಂಧ್ರ ಮುಚ್ಚಿ ಅಸ್ಪಷ್ಟವಾದ ಮಾತು ಬರುತ್ತಿತ್ತು. ಅಚ್ಚನ್ನು ಮೊದಲು ನೋಡಿದ ದಿನ ಅವರು, “ತಾಳಮದ್ದಳೆಯವನಿಗೆ ಕಡೆಗೂ ಒಂದು ವೇಷ ಸಿಕ್ಕಿತು” ಎಂದರು. ಮಗಳಿಗೆ ಅರ್ಥವಾಗಲು ಮೂರು ಸಲ ಹೇಳಬೇಕಾಯಿತು. ಮೂರನೆಯ ಸಲಕ್ಕೆ ಹಾಸ್ಯದ ಹುರುಪು ಕುಂದಿದ್ದರೂ ಅವಳು ನಕ್ಕಳು, ಅವರೂ ನಕ್ಕರು.

ಮೂರನೆಯ ವಾರದಿಂದ ನಗುವುದಕ್ಕೇನೂ ಉಳಿಯಲಿಲ್ಲ. ಬಾಯೆಲ್ಲ ಹುಣ್ಣಾಯಿತು, ಎಂಜಲು ಅಂಟಿನಂತಾಯಿತು, ನೀರಿಗೂ ಕಹಿ. ದಿನಕ್ಕೆ ಹತ್ತು ಸಲ ಉಪ್ಪು ಮತ್ತು ಅಡಿಗೆಯ ಸೋಡ ಬೆರೆಸಿದ ನೀರಿನಿಂದ ಬಾಯಿ ಮುಕ್ಕಳಿಸುವುದು. ದೀಪಾವಳಿ ಆ ಕೊನೆಯ ವಾರಗಳಲ್ಲಿಯೇ ಬಂದಿತು. ಬಾಡಿಗೆಯ ಕೋಣೆಯಲ್ಲಿ ಎಣ್ಣೆಶಾಸ್ತ್ರವಿಲ್ಲ, ಹೋಳಿಗೆಯಿಲ್ಲ. ಇನ್ನು ಐದು ಸಲ ಉಳಿದಿರುವಾಗ ಅವರು, ಸಾಕು, ಊರಿಗೆ ಹೋಗೋಣ ಎಂದರು. ಮಗನು ಬೈದು ಬುದ್ಧಿ ಹೇಳಹೊರಟನು. ಮಗಳು ತಡೆದು, ಏತಕ್ಕೆ ಸಾಕೆನ್ನುತ್ತೀರಿ ಎಂದು ಮಾತ್ರ ಕೇಳಿದಳು. ಬಹಳ ಹೊತ್ತಿನ ಮೇಲೆ ಹೊರಬಂದ ಉತ್ತರವೇನೆಂದರೆ, ರಾತ್ರಿ ನೋವಿನಿಂದ ನಿದ್ದೆಯಿಲ್ಲ, ಹೇಳಿದರೆ ಎಲ್ಲರೂ ಎದ್ದು ಕೂರುತ್ತಾರೆಂದು ಹೇಳಿಲ್ಲ ಎಂಬುದು. ಮರುದಿನ ವೈದ್ಯರಿಗೆ ತಿಳಿಸಿದಾಗ ನೋವಿನ ಔಷಧವನ್ನು ಬದಲಾಯಿಸಿಕೊಟ್ಟರು. ಉಳಿದ ಐದೂ ಮುಗಿದವು. ಬುದ್ಧಿಮಾತಿನಿಂದ ಆಗದಿದ್ದುದು ಒಂದು ಪ್ರಶ್ನೆಯಿಂದ ಆಯಿತು.

ಚಿಕಿತ್ಸೆ ಮುಗಿದರೆ ಕಾಯಿಲೆ ಮುಗಿಯಿತೆಂದು ಊರಿನವರು ತಿಳಿಯುತ್ತಾರೆ. ಮನೆಯವರಿಗೆ ಗೊತ್ತಿರುವ ವಿಷಯವೇ ಬೇರೆ. ಕತ್ತನ್ನು ಕೊಯ್ದವರಿಗೆ ತೋಳು ಮೇಲೆ ಏಳುವುದಿಲ್ಲ. ದಿನವೂ ಗೋಡೆಯ ಮೇಲೆ ಬೆರಳನ್ನು ಹತ್ತಿಸುತ್ತ ಅಭ್ಯಾಸ ಮಾಡಬೇಕು. ಬಾಯಿ ಬಿಗಿಯದಂತೆ ಐಸ್‌ಕ್ರೀಮಿನ ಕಡ್ಡಿಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ, ವಾರಕ್ಕೊಂದು ಕಡ್ಡಿ ಹೆಚ್ಚಿಸಬೇಕು. ಇನ್ನು ಮಾತು. ಕೆಳದುಟಿಯ ನರ ದುರ್ಬಲವಾಗಿದ್ದುದರಿಂದ ಓಷ್ಠ್ಯಾಕ್ಷರಗಳು ಕೈಕೊಟ್ಟವು. ಕಂಠ್ಯ ತಾಲವ್ಯಗಳೆಲ್ಲ ಹೇಗೋ ಬಂದವು, ಪವರ್ಗ ಬರಲೊಲ್ಲದು. ಮಗುವು ಮೊದಲು ಕಲಿಯುವ ‘ಅಪ್ಪ’, ‘ಅಮ್ಮ’ ಎಂಬವೇ ಅವರಿಗೆ ಎಲ್ಲಕ್ಕಿಂತ ಕಷ್ಟವಾದವು. ‘ಭೀಷ್ಮ’ನ ಮಾತಂತೂ ಹೇಳುವುದೇ ಬೇಡ, ಆರಂಭದಲ್ಲೊಂದು, ಕೊನೆಯಲ್ಲೊಂದು. ಮಗಳು ಶನಿವಾರ ಶಾಲೆ ಮುಗಿಸಿ ಬಸ್ಸು ಹತ್ತಿ ಬಂದು, ಭಾನುವಾರವೆಲ್ಲ ಕನ್ನಡಿಯ ಮುಂದೆ ತಂದೆಯನ್ನು ಕೂರಿಸಿ ಅಕ್ಷರಾಭ್ಯಾಸ ಮಾಡಿಸಿದಳು. ಅವರಿಗೆ ಸಿಟ್ಟು ಬಂದ ದಿನಗಳೂ ಉಂಟು. ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟ ದಿನಗಳೂ ಉಂಟು. ಎದೆಯ ಚರ್ಮ ಬಾಯೊಳಗೆ ಬಂದುದರಿಂದ ಮೊದಲಲ್ಲಿ ಅಲ್ಲಿ ಕೂದಲು ಬೆಳೆದು ಜಿಗುಪ್ಸೆಪಟ್ಟುಕೊಳ್ಳುತ್ತಿದ್ದರು. ಕಿರಣಗಳು ತಗುಲಿದ ಮೇಲೆ ಅದು ಉದುರಿಹೋಯಿತು. ರುಚಿ ಹಿಂದಿರುಗಲು ತಿಂಗಳುಗಳೇ ಹಿಡಿದವು. ಒಂದು ದಿನ ಮಜ್ಜಿಗೆ ಹುಳಿಯಾಗಿದೆಯೆಂದು ಗೊಣಗಿದರು. ಹೆಂಡತಿ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದರು.

ಈ ರೋಗವು ಮರಳುವುದಾದರೆ ಹೆಚ್ಚಾಗಿ ಮೊದಲ ಎರಡು ವರುಷಗಳಲ್ಲಿ ಮರಳುತ್ತದೆ. ಆದ್ದರಿಂದ ಮೊದಲು ಒಂದೆರಡು ತಿಂಗಳಿಗೊಮ್ಮೆ, ಆಮೇಲೆ ಅಂತರವನ್ನು ಹೆಚ್ಚಿಸುತ್ತ, ಐದು ವರುಷವಾದರೂ ತಪಾಸಣೆ ನಡೆಯಬೇಕು. ತಪಾಸಣೆಯ ಹಿಂದಿನ ರಾತ್ರಿ ಆ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ. ಆದರೆ ಅದನ್ನು ಯಾರೂ ಯಾರಿಂದಲೂ ಮುಚ್ಚಿಡುತ್ತಿರಲಿಲ್ಲ.

2024ರ ಕಾರ್ತಿಕದಲ್ಲಿ ನೆಂಟರ ಮನೆಯೊಂದರಲ್ಲಿ ತಾಳಮದ್ದಳೆಯಾಯಿತು; ಪ್ರಸಂಗ ಕೃಷ್ಣಸಂಧಾನ. ಭೀಷ್ಮನ ಅರ್ಥವನ್ನು ಬೇರೊಬ್ಬ ಯುವಕನು ಹೇಳಿದನು. ಇವರಿಗೆ ವಿದುರನ ಪಾತ್ರವನ್ನು ಕೊಟ್ಟಿದ್ದರು. ಹತ್ತು ನಿಮಿಷದ ಮಾತು. ಪಕ್ಕದಲ್ಲಿ ಎಲೆಯಡಕೆಯ ತಟ್ಟೆಯ ಬದಲು ನೀರಿನ ಚೆಂಬು; ಎರಡು ವಾಕ್ಯಕ್ಕೊಂದು ಸಲ ಬಾಯಿ ಒದ್ದೆ ಮಾಡಿಕೊಳ್ಳಬೇಕು. ಹಿಂದಿನ ಸಾಲಿನಲ್ಲಿದ್ದವರು ಮುಂದಕ್ಕೆ ಸರಿದು ಕುಳಿತರು. ಮದ್ದಳೆಯವನು ಕೈಯನ್ನು ಮದ್ದಳೆಯ ಮೇಲೆ ಸುಮ್ಮನೆ ಇಟ್ಟುಕೊಂಡನು. ಒಳಗಿನಿಂದ ಹೆಂಗಸರು ಬಾಗಿಲಿಗೆ ಬಂದು ನಿಂತರು. ಕೆಲವು ಶಬ್ದಗಳು ಸ್ಪಷ್ಟವಾಗಲಿಲ್ಲ. ಅರ್ಥವಾಗಲಿಲ್ಲವೆಂದು ಯಾರೂ ಹೇಳಲಿಲ್ಲ.

ಮುಗಿದ ಮೇಲೆ ತಾಂಬೂಲದ ತಟ್ಟೆ ಬಂದಾಗ ಒಂದು ಲವಂಗವನ್ನು ತೆಗೆದುಕೊಂಡು ತಟ್ಟೆಯನ್ನು ಮುಂದಿನವರಿಗೆ ದಾಟಿಸಿದರು. ದಾರಿಯಲ್ಲಿ ಮಗಳನ್ನು ಕುರಿತು, ಮುಂದಿನ ತಪಾಸಣೆಯ ಹೊತ್ತಿಗೆ ಎರಡನೆಯ ಕೊಯ್ಲಿನ ಅಡಕೆ ಅಂಗಳದಲ್ಲಿ ಒಣಗುತ್ತಿರುತ್ತದೆ, ದಿನವನ್ನು ಒಂದು ವಾರ ಮುಂದಕ್ಕೆ ಹಾಕಿಸಲಾದೀತೆ ಎಂದು ಕೇಳಿದರು. ಆಗದು ಎಂದಳು. ಸ್ವಲ್ಪ ದೂರ ಸುಮ್ಮನೆ ನಡೆದು, “ಹಾಗಾದರೆ ಕೊನೆಗೌಡನಿಗೆ ಈಗಲೇ ಹೇಳಿ ಕಳುಹಿಸಬೇಕು” ಎಂದರು.